ಕಿತ್ತಳೆ ಕಂಬದ ಒಳಗಡೆ

ಮ್ಯಾಡಿಸನ್ ಕಣಿವೆ, ಮೊಂಟಾನಾ
ನವೆಂಬರ್ 12, ಮಂಗಳವಾರ

ನನ್ನ ಹಟಮಾರಿ ಹಾಲ್ವರ್‌ಗೆ,

ಸೊಂಟ ಹೇಗಿದೆ? ನಿಜ ಹೇಳು, ಗಂಡಸುತನ ತೋರಿಸಬೇಡ. ನಿನ್ನೆ ಫೋನಿನಲ್ಲಿ ನರ್ಸಮ್ಮ, "ನಿಮ್ಮ ಯಜಮಾನ್ರು ನಾಲ್ಕು ಹೆಜ್ಜೆ ನಡೀತಾರೆ, ಆಮೇಲೆ ಪಕ್ಕದ ಮಂಚದವರಿಗೆ ನಡೆಯೋದು ಹೇಗೆ ಅಂತ ಪಾಠ ಹೇಳ್ತಾರೆ" ಅಂದಳು. ಅಷ್ಟು ಬಾಯಿ ಇದೆಯೆಂದರೆ ಗುಣವಾಗುತ್ತಿದೆ ಎಂದೇ ಲೆಕ್ಕ. ಊಟ ಸಪ್ಪೆ ಎಂದು ಮುಖ ಸಿಂಡರಿಸದೆ ತಿನ್ನು. ಉಪ್ಪು ಕೇಳಿ ಕೇಳಿ ಆ ಹುಡುಗಿಯರ ತಲೆ ತಿನ್ನಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಹತ್ತು ಮಾತಾಡಿದರೆ ನಿನ್ನ ಕಿವಿಗೆ ಬೀಳುವುದು ಎರಡು, ಆ ಎರಡಕ್ಕೂ ನೀನು "ಬೇಡ" ಅನ್ನುತ್ತೀ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೆ ಮಡಚಿ ದಿಂಬಿನ ಕೆಳಗೆ ತುರುಕಿದರೆ ನನಗೆ ಗೊತ್ತಾಗುತ್ತದೆ.

ಇಲ್ಲಿ ಹಿಮ ಮೊಣಕಾಲಿಗೆ ಬಂದಿಲ್ಲ, ಆದರೆ ಗಾಳಿ ಮಾತ್ರ ಮೂಳೆಗೆ ಇಳಿಯುತ್ತದೆ. ಹಸುಗಳು ಚೆನ್ನಾಗಿವೆ. ನಾಯಿ ನಿನ್ನ ಬೂಟಿನ ಮೇಲೆ ತಲೆಯಿಟ್ಟು ಮಲಗುತ್ತಿದೆ, ನನ್ನನ್ನು ಕಂಡರೆ ನಾನೇ ನಿನ್ನನ್ನು ಎಲ್ಲೋ ಮಾರಿ ಬಂದವಳ ಹಾಗೆ ನೋಡುತ್ತದೆ. ನೀನು ಏಣಿಯಿಂದ ಬಿದ್ದ ಜಾಗದಲ್ಲಿ ಹುಲ್ಲು ಬಣವೆಯ ಬೇಲಿಯನ್ನು ನಾನೇ ಕಟ್ಟಿ ಮುಗಿಸಿದೆ. ಕಟ್ಟಿ ಏನು ಬಂತು? ಕುದುರೆಯೆತ್ತರದ ಆ ಜಿಂಕೆಗಳು, ನಿನ್ನ ಎಲ್ಕ್‌ಗಳು, ಅದನ್ನೂ ಮೂಗಿನಿಂದ ದೂಡಿ, ಬಣವೆಯ ಒಂದು ಮೂಲೆಯನ್ನು ಬೋಳು ಮಾಡಿದವು. ನೀನು ಆಶ್ರಯ ಕೊಟ್ಟ ನೆಂಟರೇ ನಿನ್ನ ಸೊಂಟ ಮುರಿದದ್ದು, ಅದು ಗೊತ್ತಿರಲಿ.

ಬೇಟೆಯ ಕಾಲ ಶುರುವಾದ ಮೊದಲ ದಿನದಿಂದ ಅವು ಬರುವ ಕ್ರಮ ಒಂದೇ. ಬೆಳಕು ಹರಿಯುತ್ತಿದ್ದಂತೆ ಮೇಲೆ ಸರ್ಕಾರಿ ಕಾಡಿನಲ್ಲಿ ಮೊದಲ ಗುಂಡು ಕೇಳಿಸುತ್ತದೆ. ನಾನು ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಹೆಣ್ಣುಗಳ ಸಾಲು ಗುಡ್ಡ ಇಳಿದಿರುತ್ತದೆ, ಮುಂದೆ ಆ ಹರಿದ ಕಿವಿಯ ಮುದುಕಿ. ತಂತಿ ಜೋತುಬಿದ್ದ ಮೂಲೆಯಲ್ಲಿ ಒಂದೊಂದಾಗಿ ಹಾರುತ್ತವೆ. ನಿನ್ನ ಕಿತ್ತಳೆ ಬಣ್ಣದ ಕಂಬ ದಾಟಿದ್ದೇ ತಡ, ಓಟ ನಿಲ್ಲಿಸಿ, ಹಿಂದೆ ತಿರುಗಿಯೂ ನೋಡದೆ ಮೇಯುತ್ತವೆ. ಅಲ್ಲ ಮಾರಾಯ, ಅಪ್ಪಣೆಯಿಲ್ಲದೆ ಒಳಗೆ ಬರಬೇಡಿ ಅಂತ ನೀನು ಬಣ್ಣ ಬಳಿದದ್ದು ಮನುಷ್ಯರಿಗೆ. ಅರ್ಥ ಮಾಡಿಕೊಂಡದ್ದು ಎಲ್ಕ್‌ಗಳು! ಈ ವರ್ಷ ತೊರೆಯ ತಲೆಯಲ್ಲಿ ತೋಳಗಳ ಗುಂಪೊಂದು ಬೀಡುಬಿಟ್ಟಿದೆ, ಹಾಗಾಗಿ ಕಾಡಿನ ಒಳಗೆ ಹೋಗಲು ಅವಕ್ಕೆ ಹೆದರಿಕೆ. ಕಾಡಿನ ಅಂಚಿನಲ್ಲಿ ನಿಂತರೆ ಬಂದೂಕು. ನಮ್ಮ ಮನೆಯ ದೀಪಕ್ಕೆ, ನಾಯಿ ಬೊಗಳುವುದಕ್ಕೆ ತೋಳ ಇತ್ತ ಸುಳಿಯುವುದಿಲ್ಲ. ನಿನ್ನ ಬಣ್ಣಕ್ಕೆ ಬೇಟೆಗಾರ ಸುಳಿಯುವುದಿಲ್ಲ. ಮತ್ತೆ ಅವು ಹೋಗುವುದಾದರೂ ಎಲ್ಲಿಗೆ? ಬಸುರಿಯರಿಗೆಲ್ಲ ನಮ್ಮ ಹುಲ್ಲುಗಾವಲೇ ತವರುಮನೆ. ಬಂದವರು ಬಾಣಂತನ ಮುಗಿಸಿಕೊಂಡೇ ಹೊರಡುವುದು. ನಾನೂರರ ಮೇಲಿವೆ, ಹಾಲ್ವರ್. ನಮ್ಮ ಹಸುಗಳು ಅವುಗಳ ನಡುವೆ ದಾರಿ ಕೇಳಿಕೊಂಡು ಓಡಾಡಬೇಕಾಗಿದೆ.

ಹಳೆಯದನ್ನು ಎತ್ತಬೇಡ ಅನ್ನುತ್ತೀ, ಆದರೂ ಎತ್ತುತ್ತೇನೆ. ನಿನ್ನ ಕುದುರೆ ಡಾಟಿಯನ್ನು ಸಂಜೆ ಮಬ್ಬಿನಲ್ಲಿ ಎಲ್ಕ್ ಅಂದುಕೊಂಡು ಹೊಡೆದವನು ನಮ್ಮ ಪಕ್ಕದ ಜಮೀನಿನ ವೆಂಡೆಲ್‌ನ ಭಾವಮೈದ. ಅಂದು ಬೆಳಗ್ಗೆ ಬೇಟೆಗೆ ಅಪ್ಪಣೆ ಕೇಳಲು ವೆಂಡೆಲ್ ಅವನನ್ನು ನಮ್ಮ ಅಡುಗೆಮನೆಗೆ ಕರೆತಂದು, "ನಮ್ಮವನೇ, ನಾನಿದ್ದೀನಿ" ಅಂದಿದ್ದ. ನಿಜ, ಅವನು ಆ ಮಾತು ಆಡಬಾರದಿತ್ತು. ಆದರೆ ಆ ರಾತ್ರಿ ನಿನ್ನ ಜೊತೆ ಕುದುರೆಗೆ ಗುಂಡಿ ತೋಡಿದವನೂ ಅವನೇ. ಡಾಟಿಯ ಬದಲಿಗೆ ತನ್ನ ಒಳ್ಳೆಯ ಹೆಣ್ಣು ಕುದುರೆ ಮರಿಯನ್ನು ಹಗ್ಗ ಹಿಡಿದು ತಂದು ಬಾಗಿಲಲ್ಲಿ ನಿಂತವನೂ ಅವನೇ. ನೀನು ಬಾಗಿಲು ತೆಗೆಯಲಿಲ್ಲ. ಮರುವಾರ ಡಬ್ಬಿಗಟ್ಟಲೆ ಬಣ್ಣ ತಂದು ಕಂಬ ಕಂಬಕ್ಕೂ ಬಳಿದೆ. ಅಲ್ಲಿಯವರೆಗೆ ಊರಿನ ಬೇಟೆಗಾರರು ನಮ್ಮ ಹಿತ್ತಿಲ ಬಾಗಿಲು ತಟ್ಟಿ, ಅಪ್ಪಣೆ ಕೇಳಿ, ನನ್ನ ಸೇಬಿನ ಪೈ ತಿಂದು ಹೋಗುತ್ತಿದ್ದರು. ಕ್ರಿಸ್ಮಸ್ಸಿಗೆ ಸಾಸೇಜ್ ತಂದು ಕೊಡುತ್ತಿದ್ದರು. ಆರು ವರ್ಷದಿಂದ ಆ ಬಾಗಿಲನ್ನು ಯಾರೂ ತಟ್ಟಿಲ್ಲ, ಆರು ವರ್ಷದಿಂದ ನೀನು ವೆಂಡೆಲ್‌ನ ಜೊತೆ ಮಾತಾಡಿಲ್ಲ. ಎಲ್ಕ್‌ಗಳು ವಸಂತದಲ್ಲಿ ತನ್ನ ಬೇಲಿಯ ಪಕ್ಕದಲ್ಲೇ ಈಯುತ್ತಿವೆ, ಬೇಟೆಗೆ ಗೇಟು ತೆಗೆ ಎಂದು ಅವನು ಮೂರು ಸಲ ಬಂದು ಕೇಳಿದ. ಮೂರು ಸಲವೂ ನೀನು ಅಂಗಳದಿಂದಲೇ ಕಳಿಸಿದೆ. ನೀನು ಹಿಡಿದ ಮೊಲಕ್ಕೆ ಯಾವತ್ತಿಗೂ ಮೂರೇ ಕಾಲು.

ಈಗ ಕೂತು ಓದು, ನಿಂತಿದ್ದರೆ. ವೆಂಡೆಲ್‌ನ ಹಸುಗಳ ರಕ್ತ ಪರೀಕ್ಷೆ ಆಯಿತು. ಎರಡಕ್ಕೆ ಕಂದು ಹಾಕುವ ರೋಗ, ದಿನ ತುಂಬುವ ಮೊದಲೇ ಗರ್ಭ ಬಿದ್ದುಹೋಗುವ ಆ ಅಂಟುರೋಗ. ಇಡೀ ಹಿಂಡನ್ನು ದಿಗ್ಬಂಧನದಲ್ಲಿ ಇಟ್ಟಿದ್ದಾರೆ. ಒಂದು ಕರು ಗೇಟಿನಾಚೆ ಹೋಗುವಂತಿಲ್ಲ. ಸಂತೆಗೆ ಹೊರಟು ನಿಂತ ಕರುಗಳನ್ನು ಕೇಳುವವರಿಲ್ಲ. ಬೇಸಿಗೆಗೆ ಗುಡ್ಡದ ಮೇವಿಗೂ ಬಿಡುವುದಿಲ್ಲವಂತೆ. ಪಶುವೈದ್ಯೆ ರೋಶೆಲ್ ನಮ್ಮ ಹಸುಗಳ ರಕ್ತ ತೆಗೆಯಲು ಬಂದಾಗ ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಎಲ್ಕ್ ಹೊಟ್ಟೆಯಲ್ಲಿ ರೋಗವಿರುತ್ತದೆ, ವಸಂತದಲ್ಲಿ ಹುಲ್ಲಿನ ಮೇಲೆ ಕಂದು ಹಾಕುತ್ತದೆ, ಹಸು ಕುತೂಹಲಕ್ಕೆ ಹೋಗಿ ಅದನ್ನು ನೆಕ್ಕುತ್ತದೆ, ಅಷ್ಟೇ ಸಾಕು. "ಹತ್ತಿಪ್ಪತ್ತು ಬಂದು ಹೋದ್ರೆ ಪರವಾಗಿಲ್ಲ ನೆವಾ. ನಾನೂರು ಒಂದೇ ಕಡೆ ತಿಂಗಳುಗಟ್ಟಲೆ ಕೂತ್ರೆ ಇನ್ನೇನಾಗುತ್ತೆ?" ಅಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಲ್ಕ್‌ಗೆ ಜ್ವರ, ಬರೆ ವೆಂಡೆಲ್‌ಗೆ. ಅವನ ಅಜ್ಜಿ ಒಂದು ಹಸು ಒಂದು ಕರುವಿನಿಂದ ಕಟ್ಟಿದ ಹಿಂಡು ಅದು. ಎಲ್ಲವನ್ನೂ ಕಸಾಯಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಯೋಚನೆ ಮಾಡುತ್ತಿದ್ದಾನೆ ಎಂದು ಅವನ ಹೆಂಡತಿ ಆರ್ಡಿಸ್ ಫೋನಿನಲ್ಲಿ ಅತ್ತಳು. ನಮ್ಮನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಒಂದು ಪಾತ್ರೆ ಬೇಯಿಸಿದ ಆಲೂಗಡ್ಡೆ ಮಾಂಸ ಹಿಡಿದುಕೊಂಡು ಅವರ ಮನೆಗೆ ಹೋದೆ. ವೆಂಡೆಲ್ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದ, ಕೈಯಲ್ಲಿ ಕೆಲಸವಿಲ್ಲದೆ. ಅವನನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ನನ್ನನ್ನು ನೋಡಿ ಮೊದಲು ಕೇಳಿದ್ದೇನು ಗೊತ್ತೇ? "ಹಾಲ್ವರ್ ಸೊಂಟ ಹೇಗಿದೆ?" ಅಂತ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನೀನು ಆಸ್ಪತ್ರೆಯಲ್ಲಿ ಇದ್ದದ್ದೇ ಒಳ್ಳೆಯದಾಯಿತು. "ಗೇಟಿನ ವಿಷಯ ಕೇಳು ಮಾರಾಯ, ಇನ್ನೊಂದು ಸಲ ಕೇಳು" ಅಂದೆ. "ಮೂರು ಸಲ ಕೇಳಿದೆ ನೆವಾ. ನನಗೂ ಒಂದಿಷ್ಟು ಮಾನ ಅಂತ ಇದೆ, ಇನ್ನು ಕೇಳಲ್ಲ" ಅಂದ. ಅದಕ್ಕೆ ನಾನು, "ಹಾಗಾದ್ರೆ ನಾನೇ ಕೇಳ್ತೀನಿ. ನಮ್ಮ ಹುಲ್ಲುಗಾವಲಿಗೆ ಬೇಟೆಗೆ ಬರ್ತೀಯಾ?" ಅಂದೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡು, "ಅವನಿಗೆ ಗೊತ್ತಾ?" ಅಂದ. "ಅರ್ಧ ಜಮೀನು ನನ್ನ ಹೆಸರಲ್ಲಿದೆ. ಎಲ್ಕ್ ಇರೋದು ಆ ಅರ್ಧದಲ್ಲಿ" ಅಂದೆ. ನಾನು ಹಾಗೆ ಹೇಳಬಹುದು ಎಂದು ನನಗೇ ಗೊತ್ತಿರಲಿಲ್ಲ.

ಮೊದಲ ದಿನ ಎಡವಟ್ಟಾಯಿತು, ಅದನ್ನೂ ಹೇಳಿಬಿಡುತ್ತೇನೆ, ಯಾರಾದರೂ ಬಣ್ಣ ಕಟ್ಟಿ ಹೇಳುವ ಮೊದಲು. ಗೇಟು ತೆಗೆದಿದ್ದೇನೆ ಎಂದು ಅಂಗಡಿಯಲ್ಲಿ ಒಂದು ಮಾತು ಆಡಿದ್ದೇ ತಪ್ಪು. ಹತ್ತು ದಿನದ ಹಿಂದೆ, ಶನಿವಾರ ಬೆಳಗ್ಗೆ, ಅರ್ಧ ಊರೇ ಬಂದು ನಿಂತಿತ್ತು. ಎಲ್ಲ ಕಡೆಯಿಂದ ಒಮ್ಮೆಗೇ ಹೊಡೆದರು. ನಾನೂರು ಎಲ್ಕ್‌ಗಳು ಪ್ರವಾಹ ನುಗ್ಗಿದ ಹಾಗೆ ನೇರ ವೆಂಡೆಲ್‌ನ ಬೇಲಿ ಮುರಿದು ಅವನ ಹಸುಗಳ ನಡುವೆ ಹೋಗಿ ನಿಂತವು! ಯಾವುದನ್ನು ತಪ್ಪಿಸಲು ಹೊರಟಿದ್ದೆನೋ ಅದನ್ನೇ ಕೈಯಾರೆ ಮಾಡಿಟ್ಟೆ. ಸದ್ಯ, ಇದು ಕಂದು ಹಾಕುವ ಕಾಲವಲ್ಲ. ನಾನು ಅಲ್ಲೇ ಹಿಮದಲ್ಲಿ ಕೂತು ಅತ್ತುಬಿಟ್ಟೆ. ವೆಂಡೆಲ್ ಬಂದು ಪಕ್ಕದಲ್ಲಿ ನಿಂತು, "ಬಾಗಿಲು ತೆಗೆಯೋದು ಕಲಿತೆ, ನೆಂಟರನ್ನ ಕಳಿಸೋದು ಕಲೀಲಿಲ್ಲ ನೀನು" ಎಂದು ನಕ್ಕ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು ಎಂದು ಆರ್ಡಿಸ್ ಆಮೇಲೆ ಹೇಳಿದಳು.

ಈಗ ಅವನೇ ಕ್ರಮ ಹಾಕಿಕೊಟ್ಟಿದ್ದಾನೆ. ದಿನಕ್ಕೆ ಇಬ್ಬರೋ ಮೂವರೋ, ಊರಿನವರೇ, ನಡೆದುಕೊಂಡು, ಕೆಳಗಿನ ಹೊಳೆಯ ಕಡೆಯಿಂದ ಮಾತ್ರ. ಕೊಂಬಿನ ಗಂಡುಗಳನ್ನು ಮುಟ್ಟುವಂತಿಲ್ಲ, ಹೆಣ್ಣು ಮಾತ್ರ. ಕುದುರೆಗಳನ್ನೆಲ್ಲ ಕೊಟ್ಟಿಗೆಗೆ ಹಾಕಿ ಚಿಲಕ ಜಡಿದ ಮೇಲೆಯೇ ಒಬ್ಬನಾದರೂ ಬೇಲಿ ದಾಟಬೇಕು. ಆ ಷರತ್ತು ಹಾಕಿದ್ದು ವೆಂಡೆಲ್, ನಾನಲ್ಲ. ದಿನ ಬೆಳಗ್ಗೆ ತಾನೇ ಬಂದು ಚಿಲಕ ಎಳೆದು ನೋಡುತ್ತಾನೆ. ಹೀಗೆ ಮಾಡಿದ್ದರಿಂದ ಅವು ಚೂರು ಚೂರಾಗಿ ಗುಡ್ಡದ ಕಡೆ ಸರಿಯುತ್ತಿವೆ. ಪವಾಡವೇನೂ ಆಗಿಲ್ಲ. ಮೇಲೆ ತೋಳಗಳು ಇದ್ದೇ ಇವೆ, ಕತ್ತಲಾದರೆ ಅರ್ಧಕ್ಕರ್ಧ ಮತ್ತೆ ಇಳಿದು ಬರುತ್ತವೆ. ಆದರೆ ನಾನೂರು ಒಟ್ಟಿಗೆ ಕೂರುವುದು ನಿಂತಿದೆ. ವಸಂತದ ಹೊತ್ತಿಗೆ ನಮ್ಮ ಹುಲ್ಲಿನ ಮೇಲೆ ಅವು ಇರದಿದ್ದರೆ ಸಾಕು, ನನಗೆ ಬೇರೇನೂ ಬೇಡ.

ನಿನಗೆ ಹೊಟ್ಟೆ ಉರಿಯುತ್ತದೆ, ಗೊತ್ತು. ಡಾಟಿಯನ್ನು ಮಣ್ಣು ಮಾಡಿ ಬಂದ ರಾತ್ರಿ ನೀನು, "ಇನ್ನು ನನ್ನ ಬೇಲಿಯೊಳಗೆ ಯಾವ ಪ್ರಾಣಿಗೂ ಗುಂಡು ತಾಗಬಾರದು" ಅಂದದ್ದು ನನಗೆ ಮರೆತಿಲ್ಲ. ಅದು ಬರೀ ಸಿಟ್ಟಿನ ಮಾತಲ್ಲ ಎಂದೂ ನನಗೆ ಗೊತ್ತು. ಬೆಳಗ್ಗೆ ನೀನು ಕಿಟಕಿಯಲ್ಲಿ ನಿಂತು ಅವು ಇಳಿಯುವುದನ್ನು ನೋಡುವಾಗ ನಿನ್ನ ಮುಖ ಹೇಗಾಗುತ್ತಿತ್ತು ಎಂದು ನಾನು ಹಿಂದಿನಿಂದ ನೋಡುತ್ತಿದ್ದೆ. ಮೊನ್ನೆ ಆ ಹರಿದ ಕಿವಿಯ ಮುದುಕಿ ಬಿತ್ತು. ಹೊಡೆದದ್ದು ಯಾರೋ ಅಲ್ಲ, ವೆಂಡೆಲ್‌ನೇ. ಗುಂಪಿಗೆ ದಾರಿ ತೋರಿಸುವವಳು ಅವಳು, ಅವಳಿದ್ದರೆ ಉಳಿದವು ಹೋಗುವುದಿಲ್ಲ ಅಂದ. ಹೊಡೆದು ಬಂದು ಹಿತ್ತಿಲ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ, ಒಳಗೆ ಬಾ ಎಂದರೂ ಬರಲಿಲ್ಲ. ನನಗೂ ಸಂಕಟವಾಯಿತು, ಹಾಲ್ವರ್. ಸುಳ್ಳು ಯಾಕೆ ಹೇಳಲಿ? ಮಾಂಸದಲ್ಲಿ ಅರ್ಧ ನಮ್ಮ ಫ್ರೀಜರ್ ಪೆಟ್ಟಿಗೆಯಲ್ಲಿದೆ. ತಿನ್ನುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ.

ಸಿಟ್ಟು ಮಾಡುವುದಿದ್ದರೆ ಅಲ್ಲೇ ಮಾಡಿ ಮುಗಿಸು, ಮನೆಗೆ ತರಬೇಡ. ಕೋಲು ಹಿಡಿದೇ ನಡೆ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ಸಹಿಸಿಕೊಂಡದ್ದಕ್ಕೆ ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಹಾಸಿಗೆ ನಿನ್ನ ಕಡೆ ತಣ್ಣಗಿದೆ, ಬೇಗ ಬಾ.

ನಿನ್ನವಳೇ, ಬೈದರೂ ನಿನ್ನವಳೇ,
ನೆವಾ

ತಾ.ಕ.: ಅಂಚೆಯವನ ಗಾಡಿ ತಿರುವಿನಲ್ಲಿ ಕಾಣುತ್ತಿದೆ, ಎರಡೇ ಮಾತು. ರೋಶೆಲ್ ಈಗ ಫೋನ್ ಮಾಡಿದ್ದಳು. ನಮ್ಮ ರಕ್ತದ ಫಲಿತಾಂಶ ಬಂತು. ನಮ್ಮವಲ್ಲೂ ಮೂರಕ್ಕೆ ಅದೇ ರೋಗ, ಹಾಲ್ವರ್. ನಾಳೆಯಿಂದ ನಮಗೂ ದಿಗ್ಬಂಧನ. ವೆಂಡೆಲ್‌ಗೆ ನಾನಿನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಶುಕ್ರವಾರ ನಿನ್ನನ್ನು ಮನೆಗೆ ಕರೆತರಲು ಬಿಲ್ಲಿಂಗ್ಸ್ ಆಸ್ಪತ್ರೆಗೆ ಬರುವವನು ಅವನೇ. ನಮ್ಮ ಕಾರಿನ ಸೀಟು ತಗ್ಗು, ನೀನು ಸೊಂಟ ಬಗ್ಗಿಸುವ ಹಾಗಿಲ್ಲ, ಅವನ ಟ್ರಕ್ಕಿನದು ಎತ್ತರ. ನಾನು ಕೇಳಲಿಲ್ಲ, ತಾನಾಗಿಯೇ ಬರುತ್ತೇನೆ ಅಂದ. ಮೂರು ಗಂಟೆಯ ದಾರಿ. ಅವನು ಮಾತು ಎತ್ತುವುದಿಲ್ಲ. ನೀನೇ ಎತ್ತು.