ಒಗೆಯಬಾರದ ಅಂಗಿ

ಜೆರಾಲ್ಡ್‌ಟನ್,
ಮೇ ೫

ಪ್ರೀತಿಯ ಡೆರಿಕ್,

ನಿನ್ನ ಮೊಣಕಾಲು ನೋವು ಹೇಗಿದೆ? ಗಣಿಯ ಕ್ಯಾಂಟೀನಿನಲ್ಲಿ ಕುರಿಮಾಂಸ ಇನ್ನೂ ಬೂಟಿನ ಅಟ್ಟೆಯ ಹಾಗೆಯೇ ಇದೆಯೋ, ಅಡುಗೆಯವನು ಬದಲಾದನೋ? ನಾನು ಗಟ್ಟಿಮುಟ್ಟಾಗಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಕ್ವೀನಿ ಊಳಿಡಲು ಶುರುಮಾಡುತ್ತಾಳೆ, ಆಮೇಲೆ ನನಗೆ ನಿನ್ನ ಒಂದು ಮಾತೂ ಕೇಳಿಸುವುದಿಲ್ಲ.

ನೀನು ಹೋದ ಮೇಲೆ ಪ್ರಾಣಿಗಳ ಆಶ್ರಯದಿಂದ ತಂದೆನಲ್ಲ, ಆ ಹೆಣ್ಣುನಾಯಿಗೆ ಹೆಸರಿನಲ್ಲಷ್ಟೇ ರಾಣಿಗಿರಿ, ವಾಸವೆಲ್ಲ ಊಟದ ಮೇಜಿನ ಕೆಳಗೆ. ನನ್ನ ಬಳಿ ಬೆಣ್ಣೆಯಂತೆ ಇರುತ್ತಾಳೆ. ಗಂಡಸರನ್ನು ಕಂಡರೆ, ಅದರಲ್ಲೂ ಕಿತ್ತಳೆ ಬಣ್ಣದ ಕೆಲಸದ ಅಂಗಿ ಕಂಡರೆ, ಹಲ್ಲು ಕಿರಿದು ಗಡಗಡ ನಡುಗುತ್ತಾಳೆ. ಮೊದಲಿನ ಮನೆಯಲ್ಲಿ ಯಾವ ಪಾಪಿ ಏನು ಮಾಡಿದನೋ, ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಆಶ್ರಯದ ಫಿಲಿಪಾ ಮೊದಲೇ ಹೇಳಿದ್ದಳು, "ನಿಮ್ಮ ಯಜಮಾನ್ರ ಜೊತೆ ಹೊಂದ್ಕೊಂಡ್ರೆ ಸರಿ, ಇಲ್ಲಾಂದ್ರೆ ವಾಪಸ್ ತಂದ್ಬಿಡಿ, ಸುಮ್ನೆ ಹಿಂಸೆ ಕೊಡ್ಬೇಡಿ" ಅಂತ. ತಿಂಗಳ ಕೊನೆಗೆ ನೀನು ಬರುವವನು. ಅವಳನ್ನು ವಾಪಸ್ ಕಳಿಸಲು ನನ್ನಿಂದಾಗದು. ನಿನ್ನನ್ನು ಕಳಿಸೋಣವೆಂದರೆ ತೆಗೆದುಕೊಳ್ಳುವವರಿಲ್ಲ.

ಅದಕ್ಕೇ ಫಿಲಿಪಾ ಹೇಳಿಕೊಟ್ಟ ಹಾಗೆ, ನಿನ್ನ ವಾಸನೆ ಅವಳಿಗೆ ರೂಢಿಯಾಗಲೆಂದು, ಶೆಡ್ಡಿನ ಬಾಗಿಲ ಹಿಂದೆ ನೀನು ಬಿಟ್ಟುಹೋದ ಬೆವರಿನ ಕಿತ್ತಳೆ ಅಂಗಿಯನ್ನು ದೂರದ ಬೇಲಿಗೆ ತಗುಲಿಹಾಕಿ ಇತ್ತ ಅವಳಿಗೆ ಸಾಸೇಜ್ ತಿನ್ನಿಸಿದೆ. ದಿನಾ ಅಂಗಿಯನ್ನು ಒಂದಿಷ್ಟು ಹತ್ತಿರ ತಂದೆ. ಕೊನೆಗೆ ಬಟ್ಟೆ ಒಣಗಿಸುವ ತಂತಿಗೆ ಹಾಕಿ ಅದರ ಕೆಳಗೇ ಅವಳ ಬಟ್ಟಲಿಟ್ಟೆ. ಆಮೇಲೆ ನಾನೇ ಅಂಗಿ ತೊಟ್ಟು, ನಿನ್ನ ಬೂಟು ಮೆಟ್ಟಿ, ನಿನ್ನಂತೆಯೇ ಕೆಮ್ಮುತ್ತಾ ಅಂಗಳದಲ್ಲಿ ತಿರುಗಿದೆ. ಅಂಚೆಯ ಕೆಲ್ವಿನ್ ಗೇಟಿನಲ್ಲೇ ನಿಂತು, "ಏನಮ್ಮಾ, ಗಣೀಲಿ ಕೆಲಸ ಸಿಕ್ತಾ?" ಎಂದ. ನಗಲಿ ಬಿಡು. ಕಳೆದ ಗುರುವಾರ ಕ್ವೀನಿ ತಾನಾಗಿಯೇ ಬಂದು, ನಾನು ತೊಟ್ಟಿದ್ದ ಆ ಅಂಗಿಯ ಕಂಕುಳಿಗೆ ಮೂಗು ತೂರಿಸಿ, ನಿಟ್ಟುಸಿರು ಬಿಟ್ಟು ನಿದ್ದೆಹೋದಳು. ನಾನು ಹುಲ್ಲಿನ ಮೇಲೆ ಕುಳಿತಲ್ಲೇ ಅತ್ತುಬಿಟ್ಟೆ. ಅಂದು ಸಂಜೆ ನಿನ್ನ ಕುರ್ಚಿಯ ಮೇಲೆ ಯಾರು ಮಲಗಿದ್ದರು ಎಂದು ಮಾತ್ರ ಕೇಳಬೇಡ.

ಅಂಗಿಯನ್ನು ಮತ್ತೆ ತಂತಿಗೆ ಹಾಕಿ ಶುಕ್ರವಾರ ಪೇಟೆಗೆ ಹೋಗಿಬಂದೆ. ಬರುವಷ್ಟರಲ್ಲಿ ಪಕ್ಕದ ಮನೆಯ ಅಸುಂಟಾ ಅಜ್ಜಿ ಅದನ್ನು ಮಡಿಸಿ ಹಿಡಿದುಕೊಂಡು ನಿಂತಿದ್ದಳು. "ಏನೇ, ಗಂಡನ ಅಂಗಿ ಇಷ್ಟು ದಿನದಿಂದ ಕೊಳಕಾಗಿ ನೇತಾಡ್ತಿದೆ, ಬೀದಿಯವ್ರು ಏನಂದ್ಕೋತಾರೆ? ತಗೋ, ಒಗೆದು ಇಸ್ತ್ರಿನೂ ಮಾಡಿದೀನಿ!" ಎಪ್ಪತ್ತೆಂಟರ ಮುದುಕಿಗೆ ಏನನ್ನಲಿ? ಥ್ಯಾಂಕ್ಸ್ ಅಂದೆ. ಕ್ವೀನಿ ಒಮ್ಮೆ ಮೂಸಿ ನೋಡಿದಳು. ಬರೀ ಸೋಪಿನ ವಾಸನೆ. ಬಾಲ ಮುದುರಿಕೊಂಡು ಮೇಜಿನ ಕೆಳಗೆ ಸೇರಿದವಳು ಇನ್ನೂ ಹೊರಬಂದಿಲ್ಲ.

ಅಜ್ಜಿ ನಿನಗೆ ಅಂತ ಅಂಜೂರದ ಜಾಮ್ ಮಾಡಿಟ್ಟಿದ್ದಾಳೆ, ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಬಿಸಿಲಿಗೆ ಟೋಪಿ ಮರೆಯಬೇಡ, ಮೊಣಕಾಲಿಗೆ ಪಟ್ಟಿ ಕಟ್ಟಿಕೋ.

ನಿನ್ನ
ಜೊಲೀನ್

ಮರೆತೇಬಿಟ್ಟಿದ್ದೆ, ಕೆಲ್ವಿನ್ ಗೇಟಿನಲ್ಲಿ ಕಾಯುತ್ತಿದ್ದಾನೆ: ನಿನ್ನ ಬೆವರಿನ ಅಂಗಿಯನ್ನು ಒಗೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಇದು ಸಿಕ್ಕಿದ ದಿನವೇ ಅಂಚೆಗೆ ಹಾಕು. ಎರಡು ಕಳಿಸು. ಒಂದು ಕ್ವೀನಿಗೆ.