ಪೆಟ್ಟಿಗೆಯಲ್ಲಿ ಉಳಿದ ನಿನ್ನ ಕೈ

ಬಸವನ ಬಾಗೇವಾಡಿ
೨೪ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಕಲ್ಮೇಶಣ್ಣಾ,

ಹೇಗಿದ್ದೀ? ಚಿಕುನ್‌ಗುನ್ಯಾ ಬಂದಾಗ ಊದಿಕೊಂಡಿದ್ದ ಮಣಿಕಟ್ಟು ಪೂರ್ತಿ ಇಳಿಯಿತೋ, ಕೊಲ್ಹಾಪುರದ ಚಳಿಗೆ ಮತ್ತೆ ಹಿಡಿದುಕೊಳ್ಳುತ್ತದೆಯೋ? ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಪಕ್ಕ ನಿಲ್ಲುವವನಿಗೆ ಚಳಿಯ ಮಾತು ಕೇಳುತ್ತಿದ್ದೇನೆ, ನಗಬೇಡ. ಖಾನಾವಳಿಯ ರೊಟ್ಟಿ ದಪ್ಪ ಅಂತ ನೀನು ಗೊಣಗಿದ್ದನ್ನು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಅವಳಿಗೆ ಅದೇ ಒಂದು ಖುಷಿ. ಅವಳ ಮೊಣಕಾಲು ಇದ್ದ ಹಾಗೇ ಇದೆ. ಎಣ್ಣೆ ಹಚ್ಚಲು ಹೋದರೆ ‘ನಿನ್ನ ಕಂಪ್ಯೂಟರಿಗೆ ಹಚ್ಚು ಹೋಗ’ ಎನ್ನುತ್ತಾಳೆ. ನೀನು ಅವಳ ಫೋನಿನಲ್ಲಿ ಮಾತ್ರ ಮಾತಾಡುತ್ತೀ. ನನ್ನ ಕರೆ ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಅದಕ್ಕೇ ಈ ಕಾಗದ. ನನಗೆ ಉದ್ದುದ್ದ ಬರೆದು ರೂಢಿ ಇರುವುದು ಆನ್‌ಲೈನ್ ಥ್ರೆಡ್‌ಗಳಲ್ಲಿ ಮಾತ್ರ. ಅಲ್ಲಿ ತಪ್ಪಾದರೆ ತಿದ್ದಬಹುದು, ನಾಚಿಕೆಯಾದರೆ ಅಳಿಸಿಬಿಡಬಹುದು. ಇಲ್ಲಿ ಬಾಲ್‌ಪೆನ್ನು. ಗೀಟು ಎಳೆದ ಸಾಲುಗಳನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ, ನಿನ್ನ ಚಾಳಿ ನನಗೆ ಗೊತ್ತು.

ನಬಿಲಾಲ ಚಾಚಾ ತೀರಿಕೊಂಡ ಸುದ್ದಿಯನ್ನು ಅವರ ಮಗ ಶಹಾಬುದ್ದೀನ ನಿನಗೆ ಫೋನಿನಲ್ಲಿ ತಿಳಿಸಿದನಂತೆ. ನಿನ್ನ ಕಡೆಯಿಂದ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತಂತೆ. ನಿನಗೆ ಡ್ರಮ್ಮಿನ ಕಡ್ಡಿ ಹಿಡಿಯುವುದನ್ನು ಕಲಿಸಿದವರ ಮಣ್ಣಿಗೆ ನೀನು ಬರಲಿಲ್ಲ. ರಜೆ ಸಿಗಲಿಲ್ಲ ಅಂತ ಅವ್ವನಿಗೆ ಹೇಳಿದ್ದೀ. ಈ ಕಡೆ ಮುಖ ತಿರುಗಿಸಲು ಮನಸ್ಸಾಗಲಿಲ್ಲ ಅನ್ನುವುದು ನನಗೆ ಗೊತ್ತು, ಅದಕ್ಕೆ ಕಾರಣ ಯಾರು ಅನ್ನುವುದೂ ಗೊತ್ತು. ಆದರೆ ಅದೇ ದಿನ ಸಂಜೆ ಮುದ್ದೇಬಿಹಾಳದಲ್ಲಿ, ಅವರ ಬಾಗಿಲ ಮುಂದೆ, ನಾನು ಮಾಡಿದ್ದನ್ನು ಯಾರೂ ನಿನಗೆ ಹೇಳಿರಲಾರರು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಕೇಳಿದ ಮೇಲೆ ನಿನ್ನಲ್ಲಿ ಬೇಡಿಕೊಳ್ಳುವುದು ಒಂದಿದೆ.

ಎಲ್ಲ ಶುರುವಾದದ್ದು ನನ್ನ ಹುಚ್ಚಿನಿಂದ. ಕಾಲೇಜಿನ ಹುಡುಗಿಯರು ರೀಲ್ಸ್ ನೋಡುವ ಹೊತ್ತಿನಲ್ಲಿ ನಾನು ನಮ್ಮಪ್ಪ ಹುಟ್ಟುವ ಹೊತ್ತಿಗೆ ಪರದೇಶದಲ್ಲಿ ಬಾರಿಸಿದ ರಾಕ್ ಸಂಗೀತ ಕೇಳುತ್ತಿದ್ದೆ, ಅದರ ಬಗ್ಗೆ ಥ್ರೆಡ್‌ಗಳಲ್ಲಿ ಜಗಳ ಮಾಡುತ್ತಿದ್ದೆ. ಅಲ್ಲೇ ಸ್ಯಾಂಪಲ್ ಲೈಬ್ರರಿಗಳ ಗುರುತಾಯಿತು. ನಿನಗೆ ಎಷ್ಟು ಸಲ ವಿವರಿಸಿದ್ದೆ ನೆನಪಿದೆಯಾ? ಎಲ್ಲೋ ಒಂದು ಸ್ಟುಡಿಯೋದಲ್ಲಿ ಹಳೆಯ ಕಾಲದ ಡ್ರಮ್ಮು, ಗೊಗ್ಗರು ದನಿಯ ಗಿಟಾರು, ಮರದ ಆರ್ಗನ್ನು ಇಟ್ಟುಕೊಂಡು ಒಂದೊಂದು ಏಟನ್ನೂ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಬೇರೆ ಬೇರೆ ಬಗೆಯಲ್ಲಿ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ನಾವು ಮನೆಯಲ್ಲಿ ಕುಳಿತು ಪುಟ್ಟ ಕೀಬೋರ್ಡಿನ ಕೀ ಒತ್ತಿದರೆ ಲ್ಯಾಪ್‌ಟಾಪಿನಿಂದ ಅದೇ ಡ್ರಮ್ಮು, ಅದೇ ಗಿಟಾರು. ನೀನು ಎಲ್ಲ ಕೇಳಿಸಿಕೊಂಡು ‘ಅಂದ್ರ ಉಪ್ಪಿನಕಾಯಿ ಹಾಕಿದಂಗ’ ಅಂದಿದ್ದೆ. ಥ್ರೆಡ್‌ನಲ್ಲಿ ಯಾರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಆ ಪರದೇಶದ ಡ್ರಮ್ಮು ಮದುವೆ ಮೆರವಣಿಗೆಗಳಲ್ಲಿ ಬಾರಿಸುವ ನಮ್ಮ ಯಂಕಪ್ಪ ಮಾಮಾನ ಬೆಂಜೋ ಪಾರ್ಟಿಗೆ ಹೊಂದುತ್ತಿರಲಿಲ್ಲ. ಗುಡುಗಿನ ಹಾಗೆ ಇತ್ತು, ಆದರೆ ಕುಣಿಯಲು ಕಾಲು ಏಳುತ್ತಿರಲಿಲ್ಲ. ಆಗ ನಿನ್ನನ್ನು ಜೋಳದ ಚೀಲದ ಕೋಣೆಗೆ ಕರೆದುಕೊಂಡು ಹೋದೆ. ಗೋಡೆಗೆ ಅವ್ವನ ಕೌದಿಗಳನ್ನು ಇಳಿಬಿಟ್ಟಿದ್ದೆ, ಸದ್ದು ಮಾರ್ದನಿಸಬಾರದು ಅಂತ. ನಿನ್ನ ಸೈಡ್ ಡ್ರಮ್ಮಿನ ಏಟುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿದೆ. ‘ಒಂದ ಏಟ ಹೊಡಿ, ಸುಮ್ಮ ಕೂಡು, ಮತ್ತೊಂದ ಹೊಡಿ ಅಂತಿ. ಡ್ರಮ್ ಬಾರಸಾಕ ಕರದೀಯೋ, ಡಾಕ್ಟರ್ ಕಡೆ ತಪಾಸಣಿಗೆ ಕರದೀಯೋ’ ಅಂತ ನೀನು ನಕ್ಕಿದ್ದೆ. ಯಾಕೆ ಅಂತ ನೀನು ಕೇಳಲಿಲ್ಲ. ತಂಗಿ ಕೇಳಿದಳು, ಹೊಡೆದೆ, ಅಷ್ಟೇ. ನಬಿಲಾಲ ಚಾಚಾ ಕಲಿಸಿದ್ದರಲ್ಲ, ‘ಕುಣಿಯೋರ ಕಾಲ ನೆಲಾ ಮುಟ್ಟಲಿ, ಆಮ್ಯಾಲ ಏಟ ಬೀಳಲಿ’ ಅಂತ, ಆ ಕಾಯುವ ಗಳಿಗೆಯನ್ನೂ ಅಳೆದು ತೆಗೆದುಕೊಂಡೆ. ನಿನ್ನ ಏಟನ್ನು ಪರದೇಶದ ಏಟಿನ ಮೇಲೆ ಕೂರಿಸಿ, ಪ್ರತಿ ಸುತ್ತಿನ ಕೊನೆಯ ಏಟನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದೆ. ಕಾಲು ಎದ್ದಿತು. ಅದನ್ನು ಥ್ರೆಡ್‌ಗೆ ಹಾಕಿದಾಗ ಫಿನ್‌ಲೆಂಡಿನವನೊಬ್ಬ ಆ ಡ್ರಮ್ಮು ಯಾವ ಲೈಬ್ರರಿಯದು, ಅಷ್ಟು ಜೀವ ಹೇಗೆ ಬಂತು ಅಂತ ಕೇಳಿದ. ‘ನನ್ನದೇ ಪ್ರೋಗ್ರಾಮಿಂಗ್’ ಅಂತ ಬರೆದೆ. ನಿನ್ನ ಹೆಸರು ಬರೆಯಲು ಏನು ಕಷ್ಟವಿತ್ತು, ಈಗಲೂ ತಿಳಿಯುವುದಿಲ್ಲ.

ಮುಂದಿನದು ನಿನಗೆ ಗೊತ್ತೇ ಇದೆ. ನೀನು ಜ್ವರ ಬಂದು ಮಲಗಿದೆ, ಸಿಂದಗಿಯ ಮದುವೆ ತಪ್ಪಿಸುವ ಹಾಗಿರಲಿಲ್ಲ, ಮಾಮಾ ನನ್ನನ್ನೂ ಲ್ಯಾಪ್‌ಟಾಪನ್ನೂ ಟೆಂಪೋದಲ್ಲಿ ಕೂರಿಸಿಕೊಂಡು ಹೋದ. ನೀನು ಎದ್ದು ಓಡಾಡುವ ಹೊತ್ತಿಗೆ ಇಂಡಿ ತಾಲೂಕಿನ ಮಂದಿಯೂ ‘ಆ ಹುಡುಗಿದೇ ಬೇಕು’ ಅನ್ನತೊಡಗಿದ್ದರು. ‘ಅದು ಊಟಾ ಕೇಳಂಗಿಲ್ಲ, ಮಣಿಕಟ್ಟ ನೋಯತೈತಿ ಅನ್ನಂಗಿಲ್ಲ’ ಅಂತ ಮಾಮಾ ಚಹಾದ ಅಂಗಡಿಯಲ್ಲಿ ನಿನ್ನೆದುರೇ ಜೋಕು ಮಾಡಿದಾಗ ನಾನೂ ನಕ್ಕೆ. ಒಂದು ದಿನ ಟೆಂಪೋ ನಮ್ಮ ಓಣಿಯಲ್ಲೇ ಹಾಡುತ್ತ ಬಂತು. ನೀನು ಕಟ್ಟೆಯ ಮೇಲೆ ಕುಳಿತು ಕೇಳಿದೆ. ಅಂದೇ ಡ್ರಮ್ಮನ್ನು ಕೌದಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆ. ‘ನನ್ನ ಕೈ ನಿನ್ನ ಪೆಟಿಗ್ಯಾಗ ಐತಲ್ಲ ದಾನಿ, ಇನ್ನ ನಾ ಯಾಕ’ ಅಂದೆ. ಸಿಟ್ಟಿನಿಂದ ಅಂದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ನೀನು ಮೆಲ್ಲಗೆ ಅಂದೆ, ಕೊಲ್ಹಾಪುರಕ್ಕೆ ಹೊರಟುಹೋದೆ.

ಈಗ ಶುಕ್ರವಾರದ ಮಾತು. ಮುದ್ದೇಬಿಹಾಳದಲ್ಲಿ ವರನ ಮೆರವಣಿಗೆ ಇತ್ತು. ಚಾಚಾ ಬೆಳಿಗ್ಗೆ ತೀರಿಕೊಂಡದ್ದು, ಮಧ್ಯಾಹ್ನದ ನಮಾಜಿನ ನಂತರ ಮಣ್ಣಾದದ್ದು ಪಾರ್ಟಿಯ ವಾಟ್ಸಾಪ್ ಗುಂಪಿಗೆ ಬಂದಿತ್ತು. ಆ ಗುಂಪನ್ನು ನಾನು ಮ್ಯೂಟ್ ಮಾಡಿಟ್ಟಿದ್ದೆ. ಬರೀ ಹೂವಿನ ಚಿತ್ರ, ಶುಭೋದಯ ಅಂತ ನನಗೆ ತಾತ್ಸಾರ. ಟೆಂಪೋ ಊರೊಳಗೆ ಹೊಕ್ಕಾಗ ಮಾಮಾ ಎಲ್ಲರಿಗೂ ಹೇಳಿದನಂತೆ, ‘ಉಸ್ತಾದರ ಓಣಿ ಬಂತಂದ್ರ ಎಲ್ಲಾ ಬಂದ್. ಓಣಿ ದಾಟೂ ತನಾ ಒಂದ ಸಪ್ಪಳ ಬರಬಾರದು’ ಅಂತ. ಸಾವಿನ ಮನೆಯ ಮುಂದೆ ಬ್ಯಾಂಡು ಬಾಯಿ ಮುಚ್ಚಬೇಕು ಅನ್ನುವುದು ಸಣ್ಣ ಮಕ್ಕಳಿಗೂ ಗೊತ್ತಿರುವ ರೀತಿ. ಯಾರ ಮನೆಯಾದರೂ ಸರಿ, ಡ್ರಮ್ಮಿನವನು ಮೊದಲು ನೋಡುತ್ತಾನೆ, ಕಡ್ಡಿ ಮೇಲೆತ್ತುತ್ತಾನೆ, ಎಲ್ಲರೂ ನಿಲ್ಲುತ್ತಾರೆ. ಆ ಕಡ್ಡಿ ನಿನ್ನದಾಗಿತ್ತು. ಮಾಮಾ ನನ್ನ ಕಡೆಗೂ ತಿರುಗಿ ‘ತಿಳೀತಿಲ್ಲ?’ ಅಂದನಂತೆ, ನಾನು ತಲೆ ಆಡಿಸಿದೆನಂತೆ. ಅಣ್ಣಾ, ನನ್ನ ಕಿವಿಯ ಮೇಲೆ ಹೆಡ್‌ಫೋನ್ ಇತ್ತು. ನಾನು ತಲೆ ಆಡಿಸಿದ್ದು ತಾಳಕ್ಕೆ.

ಓಣಿಯ ತಿರುವಿನಲ್ಲಿ ಇಜಾಜ ಬೆಂಜೋದಿಂದ ಕೈ ತೆಗೆದ. ಹಾಡುವವನು ಮೈಕು ಕೆಳಗಿಳಿಸಿದ. ಕುಣಿಯುವ ಹುಡುಗರೂ ನಿಂತರು. ನಾನು ತೆರೆಯ ಮೇಲೆ ಓಡುವ ಗೆರೆಗಳನ್ನು ನೋಡುತ್ತಿದ್ದೆ. ಹೆಡ್‌ಫೋನಿನಲ್ಲಿ ಬೆಂಜೋ ನಿಂತಿತು, ಹಾಡು ನಿಂತಿತು, ನನ್ನ ಡ್ರಮ್ಮು ಒಂದೇ ಉಳಿಯಿತು. ನನಗೆ ಏನನ್ನಿಸಿತು ಅಂತ ಬರೆಯಲು ಕೈ ಹಿಂದೆ ಸರಿಯುತ್ತದೆ. ಹಳೆಯ ರಾಕ್ ಕಛೇರಿಗಳಲ್ಲಿ ಉಳಿದವರೆಲ್ಲ ಸುಮ್ಮನಾಗಿ ಡ್ರಮ್ಮಿನವನೊಬ್ಬನಿಗೇ ಜಾಗ ಬಿಟ್ಟುಕೊಡುತ್ತಾರೆ. ಅಂಥ ಸೋಲೋಗಳ ಬಗ್ಗೆ ನಾನು ಥ್ರೆಡ್‌ಗಳಲ್ಲಿ ಪುಟಗಟ್ಟಲೆ ವಾದಿಸಿದ್ದೇನೆ. ಇವತ್ತು ನನಗೂ ಜಾಗ ಕೊಟ್ಟರು ಅಂದುಕೊಂಡೆ. ಇಜಾಜನಿಗೆ ಕೊನೆಗೂ ನನ್ನ ಬೆಲೆ ತಿಳಿಯಿತು ಅಂದುಕೊಂಡೆ. ದನಿ ಏರಿಸಿದೆ. ಅತಿ ಜೋರಿನ ಏಟುಗಳನ್ನೆಲ್ಲ ಒಂದರ ಹಿಂದೊಂದು ಬಿಟ್ಟೆ, ಕಣ್ಣು ಮುಚ್ಚಿಕೊಂಡೆ. ಮಾಮಾ ಟೆಂಪೋ ಹತ್ತಿ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತೆಸೆದಾಗ ಕಣ್ಣು ತೆರೆದೆ. ಎದುರಿಗೆ ಚಾಚಾನ ಮನೆ. ಅಂಗಳದಲ್ಲಿ ಪೆಂಡಾಲು, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಟೋಪಿ ಹಾಕಿದ ಹಿರಿಯರು, ಬಾಗಿಲಲ್ಲಿ ಶಹಾಬುದ್ದೀನ. ಯಾರೂ ಬೈಯಲಿಲ್ಲ. ನಮ್ಮವರೇ ಒಬ್ಬರು ಹಿಂದಿನಿಂದ ‘ಹುಡುಗಿ ಕಣ್ಣಿಗೆ ಏನಾಗೇತಿ’ ಅಂದದ್ದು ಮಾತ್ರ ಕೇಳಿಸಿತು. ವರನ ತಂದೆ ತಲೆಯ ಪಟಗಾ ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಹಿರಿಯರ ಮುಂದೆ ನಿಂತಿದ್ದರು. ಮಗನ ಮದುವೆಯ ದಿನ ಆ ಮನುಷ್ಯ ನನ್ನ ಸಲುವಾಗಿ ತಲೆ ತಗ್ಗಿಸಿದರು.

ನಾನು ಇಳಿದು ಹೋದೆ. ಕ್ಷಮೆ ಕೇಳಬೇಕು ಅಂತ ಹೋದದ್ದು, ಚಪ್ಪಲಿ ಬಿಟ್ಟು ಬಾಗಿಲ ಪಕ್ಕ ನಿಂತೆ. ಶಹಾಬುದ್ದೀನ ‘ಬಾ ಅಕ್ಕಾ, ಅಮ್ಮಾ ಕರ್ಯಾಕತ್ತಾಳ’ ಅಂದ. ಇಮಾಮಬಿ ಚಾಚಿ ಗಂಡ ತೀರಿದ ಮೇಲಿನ ಇದ್ದತ್ತಿಗೆ ಕುಳಿತಿದ್ದಾರೆ, ಹೊರಗೆ ಬರುವ ಹಾಗಿಲ್ಲ. ಒಳಗಿನ ಬಾಗಿಲಿನ ಪರದೆಯ ಆ ಬದಿಯಲ್ಲಿ ಅವರು, ಈ ಬದಿಯಲ್ಲಿ ನಾನು. ಬೈಯಲಿ ಅಂತ ಕಾದೆ. ಅವರು ಕೇಳಿದ್ದು ಒಂದೇ. ‘ಯಾರು, ದಾನೇಶ್ವರಿ ಏನವ್ವಾ? ಕಲ್ಮೇಶ ಬಂದಾನಲ್ಲ? ಅವನ ಕೈ ಕೇಳಿದೆ ನಾ. ಕಡೀ ಏಟಿಗೆ ಕಾದಾ ನೋಡು, ಅವರು ಕಲಿಸಿದಂಗ.’ ಆಮೇಲೆ, ‘ಉಸ್ತಾದಗ ಸಲಾಮ್ ಮಾಡಾಕ ಬಾರಿಸ್ಯಾನ. ಮಂದಿ ತಪ್ಪ ತಿಳಕೊಂಡ್ರ ತಿಳಕೋಲಿ’ ಅಂದರು.

ಅವರು ಬೈದಿದ್ದರೆ ನಾನು ಇಷ್ಟು ಸಣ್ಣವಳಾಗುತ್ತಿರಲಿಲ್ಲ. ಟೆಂಪೋದಲ್ಲಿ ವಾಪಸು ಬರುವಾಗ ಎಲ್ಲರೂ ನನ್ನಿಂದ ದೂರ ಸರಿದು ಕುಳಿತರು. ಇಜಾಜ ಮಾತ್ರ ತನ್ನ ನೀರಿನ ಬಾಟಲಿ ನನ್ನ ಕಡೆ ಚಾಚಿದ, ಅದೂ ಮುಖ ನೋಡದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು, ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ‘ಉಣ್ಣು ಬಾ’ ಅಂದಳು. ಮಾರನೆಯ ದಿನ ಥ್ರೆಡ್‌ನಲ್ಲಿ ಆ ಫಿನ್‌ಲೆಂಡಿನವನಿಗೆ ಮತ್ತೆ ಬರೆದೆ. ಅದು ಯಾವ ಲೈಬ್ರರಿಯೂ ಅಲ್ಲ, ನಮ್ಮಣ್ಣ ಕಲ್ಮೇಶನ ಕೈ, ಯಾತಕ್ಕೆ ಅಂತ ಹೇಳದೆ ತೆಗೆದುಕೊಂಡದ್ದು ಅಂತ. ಅವನು ಒಂದು ಹೆಬ್ಬೆಟ್ಟಿನ ಚಿತ್ರ ಹಾಕಿ ಮುಂದೆ ಹೋದ. ಸರಿಯೇ, ಅವನಿಗೇನು. ಯಂಕಪ್ಪ ಮಾಮಾನಿಗೆ ಇನ್ನು ಟೆಂಪೋ ಹತ್ತುವುದಿಲ್ಲ ಅಂತ ಹೇಳಿದ್ದೇನೆ. ಅವನು ಮೀಸೆ ತಿರುವುತ್ತ ‘ಕಲ್ಮ್ಯಾನ್ನ ಹ್ಯಾಂಗ ಕರೀಲಿ, ಯಾವ ಮುಖ ಇಟಗೊಂಡ ಕರೀಲಿ’ ಅಂತ ಅವ್ವನ ಮುಂದೆ ಕುಳಿತು ಹೋದ. ಅವನಿಗೂ ಮುಖವಿಲ್ಲ, ನನಗೂ ಇಲ್ಲ.

ನಿನ್ನ ಡ್ರಮ್ಮು ಅಟ್ಟದಲ್ಲೇ ಇದೆ. ಕೌದಿ ಬಿಚ್ಚಿ ನೋಡಿದೆ, ಇಲಿ ಮುಟ್ಟಿಲ್ಲ. ನಾನು ಬಾರಿಸಿ ನೋಡಲಿಲ್ಲ, ಮತ್ತೆ ಸುತ್ತಿ ಇಟ್ಟೆ. ಅವ್ವ ನಿನ್ನ ರೊಟ್ಟಿಗೆ ಅಂತ ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿದ್ದಾಳೆ, ಅಲ್ಲಿಗೆ ಹೋಗುವವರು ಸಿಕ್ಕರೆ ಕಳಿಸುತ್ತಾಳೆ. ಸಂಗಮನಾಥನ ಆಶೀರ್ವಾದ ನಿನ್ನ ಮೇಲಿರಲಿ ಅಂತ ಬರೆಯಲು ಹೇಳಿದ್ದಾಳೆ, ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ ಅಂತಲೂ. ನಿನ್ನ ಜೊತೆಯವರಿಗೆಲ್ಲ ನಮಸ್ಕಾರ ತಿಳಿಸು.

ನಿನ್ನ ಮುಂದೆ ತಲೆ ಎತ್ತಲಾರದ ತಂಗಿ,
ದಾನೇಶ್ವರಿ

ತಾ.ಕ.: ಪಕ್ಕದ ಮನೆಯ ಕಾಂತು ಕಾಗದ ಪೋಸ್ಟಿಗೆ ಹಾಕಲು ಸೈಕಲ್ ಹತ್ತಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಚಾಚಿಗೆ ನಾನು ಏನು ಉತ್ತರ ಕೊಟ್ಟೆ ಅನ್ನುವುದನ್ನು ಮೇಲೆ ಬರೆಯಲಿಲ್ಲ. ‘ಹೂನ್ರಿ ಚಾಚಿ, ಅಣ್ಣ ಬಂದಾನ್ರಿ’ ಅಂದುಬಿಟ್ಟೆ. ಇಲ್ಲ ಅನ್ನಲು ಆಗಲಿಲ್ಲ. ಆಗ ಅವರು ‘ಬಂದಾಂವ ಒಳಗ ಯಾಕ ಬರಲಿಲ್ಲ? ನಮ್ಮ ಮ್ಯಾಲ ಏನರೆ ಸಿಟ್ಟೈತೇನ? ಗುರುವಿನ ಮನ್ಯಾಗ ಒಂದ ಗಿಲಾಸ ನೀರ ಕುಡದ ಹೋಗಂತ ಹೇಳು’ ಅಂದರು. ಶಹಾಬುದ್ದೀನ ಎಲ್ಲ ತಿಳಿದೂ ಬಾಯಿ ಬಿಟ್ಟಿಲ್ಲ. ಸಂಜೆಯಾದರೆ ಕದದ ಅಗಳಿ ಹಾಕಲು ಚಾಚಿ ಬಿಡುವುದಿಲ್ಲವಂತೆ, ಕಲ್ಮೇಶ ಬರುತ್ತಾನೆ ಅಂತ. ನನ್ನ ಜೊತೆ ಮಾತಾಡಬೇಡ, ಮನೆಗೂ ಬರಬೇಡ, ನೆಟ್ಟಗೆ ಮುದ್ದೇಬಿಹಾಳದ ಬಸ್ಸು ಹತ್ತು. ಡ್ರಮ್ಮೂ ಬೇಡ. ಹೋಗಿ ಆ ನೀರು ಕುಡಿದು ಬಾ ಅಣ್ಣಾ.