ಹೊಳೆಯ ದಂಡೆಗೆ ನಿಂತ ಹಾಡು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಟೇಪ್ ಮಶೀನಿನ ಹೆಡ್ ಒರೆಸುವುದೇ ಕೆಲಸ. ಸ್ಪಿರಿಟ್, ಹತ್ತಿ, ಮತ್ತೆ ಸ್ಪಿರಿಟ್. ಒಂದು ಸ್ಪೂಲ್ ಟೇಪ್ ಓಡಿಸಿದರೆ ಸಾಕು, ಹೆಡ್ಡಿಗೆಲ್ಲ ಕಂದು ಪುಡಿ. ಹಾಡು ಇರುವುದೇ ಆ ಪುಡಿಯಲ್ಲಿ. ಈ ಜಾನಪದ ಸಂಗ್ರಹಾಲಯದ ಹಿಂದಿನವರು ಹಳ್ಳಿಹಳ್ಳಿ ತಿರುಗಿ ಹಿಡಿದು ತಂದದ್ದು ನನ್ನ ಹತ್ತಿಗೆ ಮೆತ್ತಿಕೊಂಡು ಕಸದ ಬುಟ್ಟಿಗೆ.

ಡೈರೆಕ್ಟರ್ ಬಾಗಿಲಲ್ಲೇ ನಿಂತು, "ತಿಂಗಳ ಕೊನೆಗೆ ರೂಮ್ ಖಾಲಿ ಮಾಡ್ಬೇಕು ಕಣಮ್ಮ. ಎಲ್ಲ ನೆಲಮಾಳಿಗೆಗೆ" ಎಂದರು.

"ಅಲ್ಲಿ ಗೋಡೆ ಜಿನುಗುತ್ತೆ ಸರ್. ಟೇಪಿಗೆ ಬೂಷ್ಟು ಹಿಡಿಯುತ್ತೆ."

"ಅಷ್ಟರೊಳಗೆ ಕಂಪ್ಯೂಟರಿಗೆ ಹಾಕ್ಕೊಂಡ್ಬಿಡು. ಅಷ್ಟೇ ತಾನೆ?"

ಅಷ್ಟೇ. ಒಂಟಿ ಮಶೀನು, ಗೋಡೆ ತುಂಬ ಸ್ಪೂಲು, ನಾನೊಬ್ಬಳು.

ಮಾರ್ಚ್ 5

ಒಬ್ಬಳು ಟೈಲರ್ ಬಂದಿದ್ದಳು. ಅಳತೆ ಟೇಪ್ ಕತ್ತಿನಲ್ಲೇ ಇತ್ತು, ತೆಗೆಯಲು ಮರೆತಿರಬೇಕು.

"ಮೇಡಂ, ನಮ್ಮವ್ವ ಕಳೆ ಕೀಳೋವಾಗ ಹಾಡಿದ್ದು ನಿಮ್ಹತ್ರ ಇದೆಯಂತೆ."

ಅವ್ವನಿಗೆ ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಈಗ ಮತ್ತೆ ಹಬ್ಬಿದೆ, ಡಾಕ್ಟರು ಕೈಚೆಲ್ಲಿದ್ದಾರೆ. ತಪ್ಪಿಸಿಕೊಂಡ ಕರುವನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಹಾಡಂತೆ. ಜೊತೆಗೆ ಹಾಡುತ್ತಿದ್ದವರು ಯಾರೂ ಉಳಿದಿಲ್ಲ.

"ನೀವು ಕಲೀಲಿಲ್ವಾ?"

"ಅವ್ವ ಇರೋವಾಗ ನಾನ್ಯಾಕೆ ಕಲೀಲಿ ಅಂದ್ಕೊಂಡಿದ್ದೆ." ನಕ್ಕಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

ಸ್ಪೂಲ್ ಸಿಕ್ಕಿತು. ಡಬ್ಬಿಯ ಮೇಲೆ — "ಕಳೆ ಪದ, ಪೂರ್ತಿ."

ಮಾರ್ಚ್ 6

ಓಡಿಸಿದ ಕೂಡಲೇ ಚೀರಿತು. ನಿಲ್ಲಿಸಿದೆ. ಪದರಕ್ಕೆ ಪದರ ಅಂಟಿಕೊಂಡಿದೆ. ಹದವಾದ ಶಾಖ ಕೊಟ್ಟರೆ ಕೆಲವು ದಿನ ಅಂಟು ಬಿಡುತ್ತದೆ. ಹೆಚ್ಚಾಯಿತೋ, ಟೇಪೇ ಹೋಯಿತು. ಕಾಯಿಸಲಿಟ್ಟಿದ್ದೇನೆ. ಯಜಮಾನರು ಫೋನ್ ಮಾಡಿ "ಊಟಕ್ಕಾದ್ರೂ ಬರ್ತೀಯಾ?" ಎಂದರು. ಸುಮ್ಮಸುಮ್ಮನೆ ಬೈದುಬಿಟ್ಟೆ. ಪಾಪ.

ಮಾರ್ಚ್ 7, ಮಧ್ಯಾಹ್ನ

ಬಂತು! ಎಂಥ ಧ್ವನಿ... ಆಚೆ ಹೊಲದವರಿಗೂ ಕೇಳಲಿ ಎಂದು ಎತ್ತಿದ ಧ್ವನಿ. ಹಿಂದೆ ಬಳೆ ಸದ್ದು, ಯಾರದೋ ಕೆಮ್ಮು. ಹುಡುಗಿ ಊರು ದಾಟಿದಳು, ಕಾಡು ದಾಟಿದಳು, ಹೊಳೆಯ ದಂಡೆಗೆ ಬಂದಳು. ಅಲ್ಲಿಗೆ ಟೇಪ್ ತುಂಡಾಯಿತು. ಅಂಟಿಸಿದೆ. ಮುಂದೆ ಬರೀ ಮೊರೆತ. ಲೇಪವೆಲ್ಲ ಕಿತ್ತುಬಂದಿದೆ — ಟೇಪಿನಾಚೆ ನನ್ನ ಬೆರಳು ಕಾಣುತ್ತದೆ.

ಟೈಲರಿಗೆ ಏನು ಹೇಳಲಿ?

ಮಾರ್ಚ್ 9

ಉಳಿದಷ್ಟನ್ನು ಮೊಬೈಲಿಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಮುದುಕಿ ಮಂಚದ ಮೇಲೆ, ಕುತ್ತಿಗೆಗೆ ಬಟ್ಟೆ. ಹಾಡು ಹಚ್ಚಿದ ಕೂಡಲೇ ಮಂಚದ ಪಟ್ಟಿಗೆ ತಾಳ ಹಾಕತೊಡಗಿದರು. ಹೊಳೆಯ ಹತ್ತಿರ ಹಾಡು ನಿಂತಿತು, ಕೈ ನಿಲ್ಲಲಿಲ್ಲ. ತುಟಿಯೂ ನಿಲ್ಲಲಿಲ್ಲ.

ಮಗಳು ತುಟಿ ನೋಡಿ ಒಂದೊಂದೇ ಸಾಲು ಹೇಳಿದಳು. ಹೌದೆಂದು ತಲೆಯಾಡಿಸಿದರು. ರಾಗ ಹಾಕಿ ಹಾಡಿದಳು. ಅಲ್ಲ. ಇನ್ನೊಂದು ರೀತಿ. ಅಲ್ಲ, ಅಲ್ಲ! ಹೊಳೆಯಿಂದ ಮುಂದೆ ರಾಗವೇ ಬೇರೆ ಎಂದು ಕೈ ತಿರುಗಿಸಿ ತೋರಿಸಿದರು. ತುಟಿ ನೋಡಿ ರಾಗ ಹಿಡಿಯುವುದು ಹೇಗೆ? ಸಿಟ್ಟಿಗೆ ಲೋಟ ಎತ್ತಿ ಬಿಸಾಡಿದರು.

"ಬೈಯೋಕೆ ಆಗಲ್ವಲ್ಲ ಮೇಡಂ, ಅದಕ್ಕೇ ಎಸೀತಾಳೆ" ಎಂದಳು ಮಗಳು, ನೀರು ಒರೆಸುತ್ತಾ.

ಮಾರ್ಚ್ 16

ಮತ್ತೆ ಹೋಗಿದ್ದೆ. ತುಟಿಯೂ ಸೋತಿದೆ. ಹುಡುಗಿ ಇನ್ನೂ ದಂಡೆಯಲ್ಲೇ.

ಇನ್ನೊಂದು ತಿಂಗಳು ಕೊಡಿ ಎಂದು ಡೈರೆಕ್ಟರಿಗೆ ಕೈಮುಗಿದೆ. "ನನ್ನ ಕೈಲೇನಿದೆ" ಎಂದರು.

ಮಾರ್ಚ್ 28

ಮಶೀನು ಬೆಳಿಗ್ಗೆ ಕೆಳಗೆ ಹೋಯಿತು. ಸ್ಪೂಲುಗಳು, ಕಾಗದಪತ್ರ, ಎಲ್ಲ. ಉಳಿದದ್ದು ಮೇಜು, ಆಫೀಸಿನ ಫೋನು, ನನ್ನ ಚೀಲದಲ್ಲಿದ್ದ ಈ ಡೈರಿ.

ಸಂಜೆ

ಫೋನು. ಟೈಲರ್, ಆಸ್ಪತ್ರೆಯ ಗೇಟಿನಿಂದ.

"ಅವ್ವ ಹೋದ್ಲು ಮೇಡಂ."

ಬಂದೆ ಎಂದು ಚೀಲ ಎತ್ತಿಕೊಂಡೆ.

"ಸಮಾಧಾನ ಆಮೇಲೆ ಹೇಳೋರಂತೆ. ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು, ಏರಿಸಿ ಇಳಿಸಿ ರಾಗ ತೋರಿಸಿದ್ಲು. ನಾನು ಗುನುಗಿದೆ. ಈ ಸಲ ಅಲ್ಲ ಅನ್ಲಿಲ್ಲ. ಜನ ಬಂದು ಅಳೋಕೆ ಶುರುಮಾಡಿದ್ರೆ ನಂಗೆ ಮರ್ತೇ ಹೋಗುತ್ತೆ. ಈಗ್ಲೇ ತಗೊಳ್ಳಿ."

ಮೊಬೈಲನ್ನು ರಿಸೀವರಿಗೆ ಒತ್ತಿ ರೆಕಾರ್ಡ್ ಹಾಕಿದ್ದೇನೆ. ಬ್ಯಾಟರಿ ಕೆಂಪು. ಅದನ್ನೇ ನಂಬಿ ಕೂರಲಾರೆ, ಬರೆಯುತ್ತಲೂ ಇದ್ದೇನೆ. ಬಸ್ಸಿನ ಹಾರ್ನು. ಅಳು. ಮತ್ತೆ ಹಾಡು. ನಿಜಕ್ಕೂ ರಾಗ ಬೇರೆ... ಮೆಲ್ಲಗೆ ಕೆಳಗಿಳಿಯುತ್ತದೆ —

ಹೊಳೆಯವ್ವ ತುಸು ನಿಲ್ಲೆ, ಕರು ಕೂಗಿತಾಚೆ
ಕೊರಳ ಗಂಟೆಯ ಸದ್ದು ಕೇಳೀತು ನನಗೆ
ಒಂದು ಕಾಲಿಟ್ಟೇನು ನೀರಿಗೆ, ಇನ್ನೊಂದು —